ದುರಗವ್ವನ ಹೆಸರು ಹೇಳಿದ ದಿನ

ಧಾರವಾಡ
೯ ಜುಲೈ ೧೯೬೬

ಅವ್ವಾ, ನಿನ್ನ ಪಾದ ಮುಟ್ಟಿ ಬರೆಯುತ್ತಿದ್ದೇನೆ.

ಎಂಟು ತಿಂಗಳಲ್ಲಿ ಇದು ನಾಲ್ಕನೆಯ ಕಾಗದ. ಒಂದಕ್ಕೂ ನೀನು ಉತ್ತರ ಬರೆಸಲಿಲ್ಲ. ಈಗಲೂ ಬರೆಸಬೇಡ, ಆದರೆ ಇದನ್ನು ಕಡೆಯವರೆಗೆ ಕೇಳು. ನಿನ್ನೆ ನಿನ್ನ ಮಗಳು ಗೆದ್ದಳು. ಗೆದ್ದವಳು ನೀನೇ ಎಂದರೂ ಸರಿ.

ಮೊದಲು ತಪ್ಪಿನ ಮಾತು. ಹಿಂದಿನ ಮೂರು ಕಾಗದಗಳಲ್ಲಿ ಮಳೆ, ಬೆಳೆ, ನೆಗಡಿ ಎಂದು ಸುತ್ತಿ ಬಳಸಿ ಬರೆದೆನೇ ಹೊರತು ಇದೊಂದನ್ನು ಬರೆಯಲಿಲ್ಲ. ದೀಪಾವಳಿ ಮುಗಿದ ವಾರ ನೀನು ಬುತ್ತಿ ಕಟ್ಟಿಕೊಂಡು ನನ್ನ ಹಾಸ್ಟೆಲ್ಲಿಗೆ ಬಂದೆ. ಮೇಲ್ವಿಚಾರಕಿ ಯಾರಿವರು ಎಂದು ಕೇಳಿದಾಗ, ನನ್ನ ಸಂಶೋಧನೆಗೆ ಮಾಹಿತಿ ಕೊಡುವ ಸೂಲಗಿತ್ತಿ ಎಂದುಬಿಟ್ಟೆ. ನನ್ನ ನಾಲಿಗೆ ಯಾಕೆ ಸೇದಿಹೋಗಲಿಲ್ಲವೋ. ನೀನು ಒಂದು ಗಳಿಗೆ ನನ್ನ ಮುಖ ನೋಡಿದೆ. "ಹೌದ್ರಿ ಬಾಯಾರ, ನಾ ಇವರ ಕೆಲಸಕ್ಕ ಬಂದಾಕಿ" ಎಂದೆ. ಹೆತ್ತ ಮಗಳನ್ನು 'ಇವರು' ಎಂದು ಕರೆದು ನನ್ನ ಸುಳ್ಳಿಗೆ ನೀನೇ ಆಸರೆ ಕೊಟ್ಟೆ. ಬುತ್ತಿ ಇಟ್ಟು ಹೋದವಳು ಮತ್ತೆ ಬರಲಿಲ್ಲ.

ಪ್ರಬಂಧದಲ್ಲೂ ಅದೇ ಕಳ್ಳತನ. ಇನ್ನೂರು ಪುಟ ನಿನ್ನ ಬಾಯಿಂದಲೇ ಬಂದದ್ದು, ನಿನ್ನ ಹೆಸರು ಮಾತ್ರ ಎಲ್ಲೂ ಇಲ್ಲ. 'ಓರ್ವ ವೃದ್ಧೆ' ಎಂದಷ್ಟೇ ಬರೆದಿದ್ದೆ. ಹೆಸರು ಮರೆಸುವುದು ನಮ್ಮ ಶಾಸ್ತ್ರದ ಪದ್ಧತಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ನಿಜವಾದ ಕಾರಣ ನಾಚಿಕೆ, ಅವ್ವಾ.

ಇನ್ನು ನಿನ್ನೆಯ ಮಾತು. ನಮ್ಮ ಮಾನವಶಾಸ್ತ್ರ ವಿಭಾಗದಲ್ಲಿ ಜುಲೈ ಬಂತೆಂದರೆ ಹೊಸ ಎಂ.ಎ. ವಿದ್ಯಾರ್ಥಿಗಳಿಗೆ ಅಧ್ಯಾಪಕರ ಪರಿಚಯದ ಸಭೆ. ಯಾರ ಸಂಶೋಧನೆ ಏನೆಂದು ಕೇಳಿಕೊಂಡು ಹುಡುಗರು ತಮ್ಮ ಮಾರ್ಗದರ್ಶಕರನ್ನು ಆರಿಸಿಕೊಳ್ಳಬೇಕು. ಮುಖ್ಯಸ್ಥರಾದ ಕುಬೇರಪ್ಪನವರದು ಒಂದು ಕಟ್ಟಳೆ: ಪದವಿಗಳ ಬಾಲ ಬೇಡ, ಏನು ಕಲಿತಿರಿ, ಯಾರ ಹತ್ತಿರ ಕಲಿತಿರಿ, ಇಷ್ಟೇ ಹೇಳಿ ಕೂಡ್ರಬೇಕು. ಅವರೇ ಮೊದಲು ಎದ್ದು, ಯಲ್ಲಾಪುರದ ಕಾಡಿನಲ್ಲಿ ಜೇನು ಕೀಳುವವರ ಜೊತೆ ಎರಡು ವರ್ಷ ಇದ್ದುದನ್ನು, ತಾವು ಮರದಿಂದ ಬಿದ್ದದ್ದನ್ನೂ ಸೇರಿಸಿ ಹೇಳಿದರು. ಗುಲಾಬಸಾಬರು ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ಕೌದಿ ಹೊಲಿಯುವ ಹೆಂಗಸರ ಬಗ್ಗೆ ಕೆಲಸ ಮಾಡಿದವರು. ಮೈಮುನಾ ಎಂಬ ಮುದುಕಿಯೇ ಅವರ ಗುರುವಂತೆ. ಹೊಲಿಗೆ ಸೊಟ್ಟಾದರೆ ಬೆರಳಿಗೆ ಬಾರಿಸುತ್ತಿದ್ದಳಂತೆ. ಹುಡುಗರು ನಕ್ಕರು, ಆಮೇಲೆ ನನ್ನ ಪಾಳಿ ಬಂತು.

ನಾನು ಈ ವರ್ಷವಷ್ಟೇ ಅಧ್ಯಾಪಕಿಯಾದ ಹೊಸಬಳು, ಹೆಂಗಸು, ಮೇಲಾಗಿ ಕೇರಿಯವಳು. ಕೈಯಲ್ಲಿದ್ದ ಚೀಟಿಯಲ್ಲಿ 'ಓರ್ವ ವೃದ್ಧೆ' ಎಂದೇ ಇತ್ತು. ಚೀಟಿ ಮಡಚಿದೆ. ಹೆರಿಗೆಯ ಪದ್ಧತಿಗಳು ನನ್ನ ವಿಷಯ, ಕಲಿಸಿದವಳು ಮುಗದದ ಸೂಲಗಿತ್ತಿ ದುರಗವ್ವ, ಆಕೆ ನನ್ನ ಹೆತ್ತವ್ವ ಎಂದೆ. ಹೆರಿಗೆಯಿಂದ ತೊಟ್ಟಿಲಿನ ದಿನದವರೆಗೆ ದೊಡ್ಡವರ ಮನೆಯ ಒಳಕೋಣೆಯಲ್ಲೇ ಓಡಾಡುವವಳು, ಆ ದಿನ ಮನೆ ಸಾರಿಸಿದ ಮೇಲೆ ಅದೇ ಹೊಸ್ತಿಲು ದಾಟುವಂತಿಲ್ಲ ಎಂಬುದನ್ನೂ ಹೇಳಿದೆ.

ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದ. ವಾದಕ್ಕೇ ಎದ್ದನೆಂದು ನಾನು ಸೆರಗು ಬಿಗಿದುಕೊಂಡೆ. ಅವನೂ ನಮ್ಮೂರು ಮುಗದದವನೇ. ಅವನ ಮಾತನ್ನು ಇದ್ದಂತೆಯೇ ಬರೆಯುತ್ತೇನೆ:

"ಬಾಯಾರ, ನನ್ನ ಹೊಕ್ಕಳಬಳ್ಳಿ ಕೊಯ್ದಾಕಿ ದುರಗವ್ವಾಯೀನರಿ. ಇವತ್ತಿಗೂ ನಮ್ಮ ಮನ್ಯಾಗ ಆಕಿ ಹಿತ್ತಲದಾಗ ಕುಂತ ಉಣ್ತಾಳ್ರಿ. ಯಾಕಂತ ನಾ ಎಂದೂ ಕೇಳಿಲ್ಲ. ನಿಮ್ಮ ಕೈಯಾಗ ಅಭ್ಯಾಸ ಮಾಡ್ತೇನ್ರಿ. ಮೊದಲ ನಮ್ಮ ಮನಿ ಹೊಸ್ತಿಲದ ಬಗ್ಗೇನ ಬರೀತೇನ್ರಿ."

ಸಭೆ ಮುಗಿದಾಗ ಮೂವತ್ತರಲ್ಲಿ ಹನ್ನೊಂದು ಜನ ನನ್ನ ಹೆಸರಿನ ಕೆಳಗೆ ರುಜು ಹಾಕಿದ್ದರು. ಮುಖ್ಯಸ್ಥರಿಗಿಂತ ಇಬ್ಬರು ಹೆಚ್ಚು. ಕುಬೇರಪ್ಪನವರು ಮೀಸೆಯಲ್ಲೇ ನಕ್ಕು, ಹಾಗಾದರೆ ಗುರುವಿನ ಗುರುವನ್ನೇ ಕರೆಸು, ಬರುವ ಶನಿವಾರ ಅವರ ಪಾಠವಾಗಲಿ ಎಂದರು. ಕುರ್ಚಿ ಹಾಕಿಸುತ್ತಾರೆ, ನೆಲದ ಮೇಲೆ ಕೂಡ್ರುತ್ತೇನೆಂದು ಹಟ ಹಿಡಿಯಬೇಡ. ಪ್ರಬಂಧ ಅಚ್ಚಿಗೆ ಹೋಗಲಿದೆ. ಮೊದಲ ಪುಟದಲ್ಲೇ ನಿನ್ನ ಹೆಸರು ಬರುತ್ತದೆ.

ಅಷ್ಟರಿಂದ ನನ್ನ ತಪ್ಪು ತೊಳೆದುಹೋಗದು, ಗೊತ್ತು. ನೀನು ಬಂದು ನನ್ನನ್ನು ಬೈದರೆ ಮಾತ್ರ ನನಗೆ ನೆಮ್ಮದಿ. ನನ್ನವ್ವ ಬರುತ್ತಾಳೆ ಎಂದು ಮೇಲ್ವಿಚಾರಕಿಗೆ ಹೇಳಿಟ್ಟಿದ್ದೇನೆ. ಬಾ ಅವ್ವಾ.

ನಿನ್ನ ಹೊಟ್ಟೆಯ ಮಗಳು,
ಕಸ್ತೂರೆವ್ವ

ತಾ.ಕ.: ಈ ಕಾಗದವನ್ನು ಅವ್ವನಿಗೆ ಓದಿ ಹೇಳುತ್ತಿರುವ ಚನ್ನಯ್ಯ ಮಾಸ್ತರರಿಗೆ ನಮಸ್ಕಾರಗಳು. ಹಿಂದಿನ ಸಾಲಿನಿಂದ ಎದ್ದ ಹುಡುಗ ನಿಮ್ಮ ಮಗನೇ. ತಾನೇ ನಿಮಗೆ ಬರೆಯುತ್ತೇನೆಂದಿದ್ದ. ಹೊಸ್ತಿಲಿನ ಆ ಮಾತು ನನ್ನವ್ವನ ಎದುರಿಗೆ ನಿಮ್ಮ ಬಾಯಿಂದಲೇ ಬರಲೆಂದು ನಾನು ತಡೆದೆ. ಶನಿವಾರ ಅವ್ವನನ್ನು ರೈಲು ಹತ್ತಿಸುವ ಮುಂಚೆ ನಿಮ್ಮ ಮನೆಯಲ್ಲಿ ಎರಡು ತುತ್ತು ಉಣ್ಣಿಸಿ ಕಳಿಸಿ. ಎಲ್ಲಿ ಕೂಡ್ರಿಸಬೇಕೆಂದು ನಾನು ಹೇಳುವುದಿಲ್ಲ.