ಅಂಕಲ್ ಫೋನಿನ ನಂತರ ತೆರೆದ ಲ್ಯಾಬು

ಬೇಸಿಗೆ ಸಂಶೋಧನಾ ತರಬೇತಿಯ ಆಯ್ಕೆ ಸಮಿತಿಯ ಅಧ್ಯಕ್ಷರೇ,

ನೀವು ತಿರಸ್ಕರಿಸಿದ ನನ್ನ ಅರ್ಜಿ ಎರಡೇ ದಿನದಲ್ಲಿ ಅದು ಹೇಗೆ ಯೋಗ್ಯವಾಯಿತು? ಮಂಗಳವಾರ 'ಸ್ಪರ್ಧೆ ತೀವ್ರವಾಗಿತ್ತು, ವಿಷಾದಿಸುತ್ತೇವೆ' ಎಂದಿರಿ. ಗುರುವಾರ 'ಅಭಿನಂದನೆಗಳು' ಎಂದಿರಿ. ನಡುವಿನ ಬುಧವಾರ ನಾನು ಹೊಸದಾಗಿ ಏನನ್ನೂ ಕಲಿಯಲಿಲ್ಲ. ಇಲ್ಲಿ ಆಸ್ಟ್ರೇಲಿಯಾದ ರನ್‌ಕಾರ್ನ್‌ನ ಬಾಡಿಗೆ ಕೋಣೆಯಲ್ಲಿ ಮುಸುಕು ಹೊದ್ದು ಅಳುತ್ತಿದ್ದೆ. ಮೆಡಿಕಲ್ ಸೀಟಿಗೆ ಅರ್ಜಿ ಹಾಕುವ ಮೊದಲು ನನಗೆ ಉಳಿದಿರುವುದು ಇದೊಂದೇ ಬೇಸಿಗೆ. ಲ್ಯಾಬಿನ ಅನುಭವ, ಅಲ್ಲಿಯ ಪ್ರಾಧ್ಯಾಪಕರದೊಂದು ಶಿಫಾರಸು ಪತ್ರ ಇಲ್ಲದಿದ್ದರೆ ಆ ಅರ್ಜಿಯನ್ನು ಯಾರು ಮೂಸಿ ನೋಡುತ್ತಾರೆ?

ತಪ್ಪು ನನ್ನದೂ ಇದೆ. ನಿಮ್ಮ ಫಾರ್ಮಿನಲ್ಲಿ 'ಯಾವ ಪ್ರಾಧ್ಯಾಪಕರನ್ನು ಈಗಾಗಲೇ ಸಂಪರ್ಕಿಸಿದ್ದೀರಿ?' ಎಂಬ ಪ್ರಶ್ನೆಯಿತ್ತು. ಮೈಸೂರಿನಲ್ಲಿ ಬೆಳೆದ ನನಗೆ ಅದು ಪ್ರಾಮಾಣಿಕತೆಯ ಪರೀಕ್ಷೆಯಂತೆ ಕಂಡಿತು. ಆಯ್ಕೆಗೆ ಮುಂಚೆ ಮೇಷ್ಟ್ರ ಬಾಗಿಲು ತಟ್ಟುವುದನ್ನು ನಮ್ಮಲ್ಲಿ ವಶೀಲಿ ಎನ್ನುತ್ತಾರೆ. 'ಯಾರನ್ನೂ ಸಂಪರ್ಕಿಸಿಲ್ಲ' ಎಂದು ಎದೆಯುಬ್ಬಿಸಿ ಬರೆದೆ. ನನ್ನ ಜೊತೆ ಓದುವ, ಒಂದೇ ಕೋಣೆಯಲ್ಲಿರುವ ಭಾವನಾಗೆ ಅನುಮಾನವಿತ್ತು. "ಒಂದು ಇಮೇಲ್ ಹಾಕ್ಬಿಡೋಣ ಕಣೇ, ಏನಾಗತ್ತೆ?" ಎಂದಳು. "ಬೇಡ, ಇನ್‌ಫ್ಲುಯೆನ್ಸ್ ಮಾಡ್ತಿದಾರೆ ಅನ್ಕೋತಾರೆ" ಎಂದು ಹೇಳಿ ಅವಳ ಕೈಯಲ್ಲೂ ಅದನ್ನೇ ಬರೆಸಿದೆ. ಇಲ್ಲಿ ಹಾಗೆ ಮೊದಲೇ ಸಂಪರ್ಕಿಸುವುದನ್ನು 'ಆಸಕ್ತಿ' ಎನ್ನುತ್ತಾರಂತೆ. 'ಎಲ್ಲರಿಗೂ ಮುಕ್ತ ಅವಕಾಶ' ಎಂದು ದೊಡ್ಡಕ್ಷರದಲ್ಲಿ ಹಾಕಿಸಿದ ನಿಮಗೆ ಈ ಸಂಗತಿಗೆ ಒಂದು ಸಾಲಿನ ಜಾಗವೂ ಇರಲಿಲ್ಲವೇ? ಅಥವಾ ಗೊತ್ತಿಲ್ಲದವರು ಗೊತ್ತಿಲ್ಲದೆಯೇ ಇರಲಿ ಎಂಬುದೇ ಏರ್ಪಾಡೋ?

ಬುಧವಾರ ಅಮ್ಮ ತಡೆಯಲಾರದೆ ತಮ್ಮ ಹಳೆಯ ಸಹಪಾಠಿ, ಅಡಿಲೇಡ್‌ನಲ್ಲಿ ಡಾಕ್ಟರಾಗಿರುವ ಮಹಾಬಲೇಶ್ವರ ಅಂಕಲ್‌ಗೆ ಮೈಸೂರಿನಿಂದ ಫೋನ್ ಮಾಡಿದರು. ಅಂಕಲ್ ನನಗೆ ಫೋನ್ ಮಾಡಿ ನನ್ನನ್ನೇ ಬೈದರು: "ಮೊದಲೇ ಹೇಳ್ಬಾರದಾ ಪುಟ್ಟಾ? ಆ ಲ್ಯಾಬ್ ಹೆಡ್ ಮೊದ್ಲು ಇಲ್ಲೇ ಇದ್ರು, ನಮ್ಮನೆ ಬಾರ್ಬಿಗೆಲ್ಲ, ಬಾರ್ಬೆಕ್ಯೂ ಊಟಕ್ಕೆ, ಬರ್ತಿದ್ರು. ಈ ಆರ್ವೋ, ಮಧ್ಯಾಹ್ನಾನೇ, ಒಂದ್ಮಾತು ಹಾಕ್ತೀನಿ." ಮಧ್ಯಾಹ್ನ ಮಾತು ಹೋಯಿತು, ಮರುದಿನ ಸೀಟು ಬಂತು. ಅದು ಖಾಲಿಯೇ ಇತ್ತೋ, ಯಾರನ್ನಾದರೂ ಎಬ್ಬಿಸಿದಿರೋ? ನನ್ನಂತೆಯೇ ಮಂಗಳವಾರ ನಿಮ್ಮ ವಿಷಾದ ಪಡೆದ ಭಾವನಾಳ ಅಂಕಗಳು ನನ್ನವಕ್ಕಿಂತ ಹೆಚ್ಚು. ಅವಳಪ್ಪನದು ಹಾಸನದಲ್ಲಿ ಔಷಧಿ ಅಂಗಡಿ; ಅವರಿಗೆ ಗೊತ್ತಿರುವ ಡಾಕ್ಟರುಗಳೆಲ್ಲ ಹಾಸನದಲ್ಲೇ ಇದ್ದಾರೆ.

ಆದ್ದರಿಂದ, ಆಯ್ಕೆಯಾದವರಲ್ಲಿ ಯಾರ ಯಾರ ಪರವಾಗಿ ಯಾರು ಫೋನ್ ಮಾಡಿದ್ದರೆಂಬ ಪಟ್ಟಿಯನ್ನು ಪ್ರಕಟಿಸಿ. ಭಾವನಾಳ ಅರ್ಜಿಯನ್ನು ಇನ್ನೊಮ್ಮೆ ತೆರೆದು ಓದಿ. ಮೊದಲ ಸಲವಾದರೂ ತೆರೆದಿದ್ದಿರಾ ಎಂಬುದೇ ನನ್ನ ಗುಮಾನಿ. ಕನ್ನಡ ಬಾರದಿದ್ದರೆ ಈ ಪತ್ರವನ್ನು ಅಂಕಲ್ ಓದಿ ಹೇಳುತ್ತಾರೆ, ಹೇಗೂ ಅವರ ನಂಬರ್ ನಿಮ್ಮವರ ಬಳಿ ಇದೆಯಲ್ಲ.

ಇಷ್ಟೆಲ್ಲ ಮಾತಾಡುವವಳು ಆ ಸೀಟನ್ನು ನಮ್ಮ ಮುಖಕ್ಕೆ ಎಸೆದೆಯಾ ಎಂದು ನೀವು ಕೇಳಬಹುದು. ಇಲ್ಲ. ಇಮೇಲ್ ಬಂದ ಹತ್ತು ನಿಮಿಷದಲ್ಲಿ ಒಪ್ಪಿಗೆ ಕಳುಹಿಸಿದೆ. ಭಾವನಾಗೆ ಇನ್ನೂ ಹೇಳಿಲ್ಲ. ಎದುರು ನಿಂತು ಹೇಳಲು ನಾಚಿಕೆಯಾಗುತ್ತಿದೆ. ಈ ಬಹಿರಂಗ ಪತ್ರವನ್ನು ಅವಳು ಓದಿಯೇ ತಿಳಿದುಕೊಳ್ಳಲಿ.

ಇಂತಿ,
ನಿಮ್ಮ ಪಟ್ಟಿಯಲ್ಲಿ ಈಗ ಹೆಸರಿರುವ
ಪ್ರೇರಣಾ