ಅತ್ತೆಯ ಮೋಡೆಮ್

ಮಾರ್ಚ್ 3, ಮಂಗಳವಾರ

ರಿಪೇರಿ ಅಂಗಡಿಯಲ್ಲಿ ಎರಡು ಟಿವಿ, ಒಂದು ಮಿಕ್ಸಿ. ಮಿಕ್ಸಿಯವರು ಬಂದು ಜಗಳವಾಡಿ ಹೋದರು. ಮನೆಗೆ ಬಂದರೆ ಊಟದ ಮೇಜಿನ ಮೇಲೆ ಅತ್ತೆಯ ಹಳೇ ಮೋಡೆಮ್. ಬೂದು ಪೆಟ್ಟಿಗೆ, ಮೇಲೆ ಎರಡು ರಬ್ಬರ್ ಬಟ್ಟಲು, ಪಕ್ಕದಲ್ಲಿ ಅದಕ್ಕೆ ತಗುಲಿಸಿದ ಕೀಬೋರ್ಡು, ಪುಟ್ಟ ಪರದೆ. ಫೋನಿನ ರಿಸೀವರನ್ನು ಅದರಲ್ಲಿ ಬೋರಲು ಮಲಗಿಸಬೇಕು. ಈ ಕಡೆ ಟೈಪ್ ಮಾಡಿದ್ದು ಕೀರಲು ದನಿಯಾಗಿ ಲೈನಿನಲ್ಲಿ ಹೋಗಿ ಆ ಕಡೆಯ ಪರದೆಯ ಮೇಲೆ ಅಕ್ಷರವಾಗುತ್ತದೆ.

ಇಂಥದೇ ಇನ್ನೊಂದು ಬೇರೆ ಊರಲ್ಲಿ, ಅತ್ತೆಯ ಗೆಳತಿಯ ಹತ್ತಿರ ಇದೆ. ಇಬ್ಬರೂ ಟೆಲಿಫೋನ್ ಇಲಾಖೆಯಲ್ಲಿ ಲೈನ್ ಪರೀಕ್ಷೆ ಮಾಡುತ್ತಿದ್ದ ಎಂಜಿನಿಯರುಗಳು. ಸರ್ವಿಸ್ ಪೂರ್ತಿ ಇದರಲ್ಲೇ ಹರಟಿದ್ದಾರಂತೆ. ಅತ್ತೆ ಅವರನ್ನು ಕರೆಯುವುದು ‘ಜೋಡಿ’ ಅಂತ. ನಮಗೆಲ್ಲ ಜೋಡಿ ಮೇಡಂ.

ಅವರಿಗೀಗ ಕಿವಿ ಪೂರ್ತಿ ಹೋಗಿದೆ. ತಿಂಗಳ ಕೊನೆಗೆ ಮನೆ ಖಾಲಿ ಮಾಡಿ ಮಗಳ ಮನೆಗೆ ಹೋಗುತ್ತಾರೆ. ಅಲ್ಲಿ ಫೋನಿನ ತಂತಿಯೇ ಇಲ್ಲ. ಅಷ್ಟರೊಳಗೆ ಒಂದು ಸಲ ಇದರಲ್ಲೇ ಮಾತಾಡಬೇಕೆಂದು ಇಬ್ಬರ ಹಟ.

“ಮೊಬೈಲಲ್ಲಿ ಮೆಸೇಜ್ ಮಾಡಬಹುದಲ್ಲ ಅತ್ತೆ?”

“ಅದು ಗಾಜು ಉಜ್ಜೋ ಕೆಲಸ. ನಮ್ಮಿಬ್ಬರಿಗೂ ಕೈ ಓಡಬೇಕು.”

“ಭಾನುವಾರ ಮಾತಾಡಿಸ್ತೀನಿ, ಬಿಡಿ” ಅಂದೆ. ಹೆಂಡತಿ ನಕ್ಕಳು. ಯಾಕೋ.

ಮಾರ್ಚ್ 8, ಭಾನುವಾರ

ಜೋಡಿ ಮೇಡಂ ಮಗಳು ಬರುವುದು ಭಾನುವಾರ ಮಾತ್ರ. ಗಂಟೆ ಬಾರಿಸಿದ್ದು ಕೇಳಿ, ರಿಸೀವರ್ ಎತ್ತಿ ಬಟ್ಟಲಿಗಿಡಲು ಅವಳೇ ಬೇಕು. ನಾಲ್ಕಕ್ಕೆ ಫೋನ್ ಮಾಡಿದೆವು. ಕೀರಲು ಬಂತು, ದನಿ ಹದವಾಗಿದ್ದರೆ ಹತ್ತುವ ದೀಪವೂ ಹತ್ತಿತು. ಅತ್ತೆ ಕೀಗಳ ಮೇಲೆ ಬೆರಳಿಟ್ಟು ಕಾದರು.

ಪರದೆ ತುಂಬ ಕಸ. ಅರ್ಧ ಅಕ್ಷರ, ಚುಕ್ಕಿ, ಗೀಟು... ಒಂದು ಪದ ನೆಟ್ಟಗಿಲ್ಲ.

“ನಿಧಾನಕ್ಕೆ ನೋಡಿ, ಅವಸರ ಇಲ್ಲ” ಅಂದರು ಅತ್ತೆ. ಅವಸರ ಇದೆ. ಅವರಿಗೂ ಗೊತ್ತು.

ಮಾರ್ಚ್ 10, ಮಂಗಳವಾರ

ಅತ್ತೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು. ಪೆಟ್ಟಿಗೆ ಬಿಚ್ಚಿದೆ. ಒಳಗೆ ಪುಟ್ಟ ಪುಟ್ಟ ತಿರುಪುಗಳು, ಒಂದೊಂದರ ತಲೆಯ ಮೇಲೂ ಕೆಂಪು ಉಗುರುಬಣ್ಣದ ಬೊಟ್ಟು. ದನಿಯ ಹದ ಕೂಡಿಸಿದ ಮೇಲೆ ಯಾರೂ ಮುಟ್ಟಬಾರದೆಂದು ಅತ್ತೆಯೇ ಹಚ್ಚಿದ್ದು. ಕೆರೆದು ತೆಗೆದೆ. ತಿರುಗಿಸಿದೆ. ಮೊದಲು ಎಲ್ಲಿತ್ತೆಂದು ಗುರುತೂ ಹಾಕಲಿಲ್ಲ. ಅಂಗಡಿಯಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಚಳಿ ಬಿಡಿಸುತ್ತಿದ್ದೆ.

ಕೈಗೆ ಬಂದೀತು ಅನ್ನಿಸುತ್ತಿದೆ. ನಾಳೆ ಮತ್ತೆ.

ಮಾರ್ಚ್ 12, ಗುರುವಾರ

ಮುಗಿಯಿತು. ಈಗ ಅದರ ದನಿಯೇ ಬದಲಾಗಿದೆ. ದೀಪವೂ ಹತ್ತುವುದಿಲ್ಲ.

ಬೇರೆ ದಾರಿ ಕಾಣದೆ ರಿಸೀವರ್ ಕಿವಿಗಿಟ್ಟು ಸುಮ್ಮನೆ ಲೈನ್ ಕೇಳಿದೆ. ಚರ ಚರ... ತಂತಿ ಹಿಡಿದು ಹೊರಟರೆ ಬಾಗಿಲ ಹಿಂದಿನ ಜಾಯಿಂಟ್. ಹೋದ ವರ್ಷ ಫೋನನ್ನು ಹಜಾರಕ್ಕೆ ಎಳೆದಾಗ ನಾನೇ ಹಾಕಿದ್ದು. ಬೆಸುಗೆ ಇಲ್ಲ, ಬರೀ ತಿರುಚಿ ಟೇಪ್ ಸುತ್ತಿದ್ದೆ. ತಾಮ್ರ ಹಸಿರುಗಟ್ಟಿದೆ. ಅಂದರೆ ಮೋಡೆಮಿಗೆ ಏನೂ ಆಗಿರಲಿಲ್ಲ. ಚೆನ್ನಾಗಿದ್ದದ್ದನ್ನು ಕೆಡಿಸಿದೆ.

ಅಷ್ಟರಲ್ಲಿ ಅತ್ತೆ ಬಂದರು. “ಏನಾದ್ರೂ ಗೊತ್ತಾಯ್ತಾ?”

“ನಮ್ಮದೇನೂ ಇಲ್ಲ ಅತ್ತೆ. ಆ ಕಡೆಯದೇ ಹದ ತಪ್ಪಿದೆ.”

ಯೋಚಿಸಿ ಹೇಳಿದ್ದಲ್ಲ. ಬಾಯಿಂದ ತಾನೇ ಬಂತು. ಕಿವಿ ಕೇಳದ ಹೆಂಗಸಿನ ತಲೆಯ ಮೇಲೆ ಗೂಬೆ ಕೂರಿಸಿ, ಅತ್ತೆ ಕೊಟ್ಟ ಕಾಫಿ ಕುಡಿದೆ.

ಮಾರ್ಚ್ 13, ಶುಕ್ರವಾರ

ಜಾಯಿಂಟಿಗೆ ಬೆಸುಗೆ ಹಾಕುತ್ತಿದ್ದೆ. ಹೆಂಡತಿ ಹಿಂದೆ ನಿಂತಿದ್ದಾಳೆ.

“ತಪ್ಪು ಆ ಕಡೆದು ಅಂದ್ರಲ್ಲ, ಮತ್ತೆ ಇದೇನು?”

“ಇದು ಬೇರೆ.”

“ಏನು ಬೇರೆ?”

ಬೆಸುಗೆಯ ಹೊಗೆ ಊದುತ್ತ ಕೆಲಸ ಮುಂದುವರಿಸಿದೆ. ಅವಳು ಮತ್ತೆ ಕೇಳಲಿಲ್ಲ. ಕೇಳಿದ್ದರೇ ವಾಸಿಯಿತ್ತು.

ಮಾರ್ಚ್ 16, ಸೋಮವಾರ

ನಿನ್ನೆ ಬರೆಯಲು ಮನಸ್ಸಾಗಲಿಲ್ಲ.

ನಾಲ್ಕಕ್ಕೆ ಆ ಕಡೆಯ ಮಗಳು ಅವಳ ಮೊಬೈಲಿಂದ ಫೋನ್ ಮಾಡಿದಳು. ಅತ್ತೆ ನನ್ನ ಮಾತನ್ನು ಅವಳಿಗೆ ದಾಟಿಸಿದ್ದರು. ಅವಳು ಅಮ್ಮನಿಗೆ ಬರೆದು ತೋರಿಸಿದ್ದಾಳೆ. ಜೋಡಿ ಮೇಡಂ ತಮ್ಮ ಪೆಟ್ಟಿಗೆ ಬಿಚ್ಚಿಸಿಕೊಂಡು, ನಡುಗುವ ಕೈಯಲ್ಲಿ ತಿರುಪುಗಳನ್ನೆಲ್ಲ ತಿರುಗಿಸಿಬಿಟ್ಟಿದ್ದಾರೆ. ದನಿ ಕೇಳಿಸದೆ ಹದ ಕೂಡುವುದು ಹೇಗೆ? ಈಗ ಅದೂ ಕೆಟ್ಟಿತು.

“ನಮ್ಮ ಅಳಿಯಂದ್ರು ಹೇಳಿದ್ರು ಅಂದ್ರೆ ಸುಳ್ಳಾಗಲ್ಲಮ್ಮ. ನಿಮ್ಮಮ್ಮಂಗೆ ಬೇಜಾರು ಮಾಡ್ಕೋಬೇಡ ಅನ್ನು” ಎಂದು ಅತ್ತೆ ಫೋನಿನಲ್ಲಿ ಸಮಾಧಾನ ಹೇಳುತ್ತಿದ್ದರು. ನಾನು ಬಚ್ಚಲಲ್ಲಿ ನಲ್ಲಿ ತಿರುಗಿಸಿ ನಿಂತುಕೊಂಡೆ. ನೀರಿನ ಸದ್ದಿನಲ್ಲೂ ಕೇಳಿಸಿತು.

ನಾಚಿಕೆಗೇಡು. ಬೇರೆ ಪದ ಇಲ್ಲ.

ಮಾರ್ಚ್ 18, ಬುಧವಾರ

ಗೆಳೆಯನ ಹತ್ತಿರ ಫ್ರೀಕ್ವೆನ್ಸಿ ಮೀಟರ್ ಕೇಳಿ ತಂದೆ. ಅತ್ತೆಯ ಮೋಡೆಮಿನ ದನಿ ಅಳೆದು ಅಳೆದು ಹದಕ್ಕೆ ತಂದೆ. ದೀಪ ಹತ್ತಿತು. ಹೊಸ ಉಗುರುಬಣ್ಣ ಹಚ್ಚಿ ಮುಚ್ಚಿಬಿಡೋಣ ಅಂತಲೂ ಯೋಚನೆ ಬಂತು! ಬಾಟಲಿ ಹುಡುಕಿದ್ದೂ ಆಯಿತು. ಹೆಂಡತಿ ಅದನ್ನು ತಾನೇ ತಂದು ಮೇಜಿನ ಮೇಲಿಟ್ಟಳು.

“ಇದಾ ಬೇಕಾಗಿದ್ದು?” ಆಮೇಲೆ, ಮೆತ್ತಗೆ: “ನೀವು ಹೇಳ್ತೀರೋ, ನಾನು ಹೇಳ್ಲೋ?”

“ಹೇಳ್ತೀನಿ. ಭಾನುವಾರ ಆಗಲಿ.”

ಮಾರ್ಚ್ 22, ಭಾನುವಾರ

ಆಗಲಿಲ್ಲ. ನಮ್ಮದು ಸರಿ, ಅವರದು ಇಲ್ಲ. ಅತ್ತೆ ಸುಮಾರು ಹೊತ್ತು ಖಾಲಿ ಪರದೆಯ ಮುಂದೆಯೇ ಕೂತಿದ್ದರು.

“ಇನ್ನೊಂದೇ ಭಾನುವಾರ. ನೀವೇ ಅಲ್ಲಿಗೆ ಹೋಗಿಬರ್ತೀರಾ? ಕೇಳೋಕೂ ಸಂಕೋಚ. ಆಗಲೇ ನಿಮಗೆಷ್ಟು ತೊಂದರೆ ಕೊಟ್ಟಿದ್ದೀವಿ...”

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. “ಹೋಗ್ತೀನಿ” ಅಂದೆ. ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಇವತ್ತೂ ಹೇಳಲಿಲ್ಲ.

ಮಾರ್ಚ್ 29, ಭಾನುವಾರ

ಬೆಳಗಿನ ಬಸ್ಸು, ತೊಡೆಯ ಮೇಲೆ ಮೀಟರು. ಜೋಡಿ ಮೇಡಂ ಮನೆಯಲ್ಲಿ ಸಾಮಾನೆಲ್ಲ ಡಬ್ಬ ಸೇರಿದೆ. ಒಂದು ಮೇಜು, ಒಂದು ಕುರ್ಚಿ, ಫೋನು, ಪೆಟ್ಟಿಗೆ, ಅದರ ಕೀಬೋರ್ಡು, ಪರದೆ ಮಾತ್ರ ಉಳಿದಿವೆ. ತಮಗೆ ಕೇಳಿಸದ್ದಕ್ಕೆ ಇಡೀ ಬೀದಿಗೆ ಕೇಳುವಷ್ಟು ಜೋರಾಗಿ ಮಾತಾಡುತ್ತಾರೆ.

“ತಪ್ಪು ನಂದೇ ಅಳಿಯಂದ್ರೇ! ಇಷ್ಟು ವರ್ಷ ಚೆನ್ನಾಗಿತ್ತು ಅಂತ ಜಂಬ ಇತ್ತು ನಂಗೆ. ಕೈ ಹೋಯ್ತು, ಕಿವಿ ಹೋಯ್ತು, ಬುದ್ಧಿನೂ ಹೋಗಿದೆ!”

ನಗುತ್ತಲೇ ಹೇಳಿದರು. ಕಣ್ಣು ಒರೆಸಿಕೊಂಡದ್ದೂ ಕಂಡಿತು. ನಾನು ತಲೆ ತಗ್ಗಿಸಿ ತಿರುಪು ತಿರುಗಿಸುತ್ತಿದ್ದೆ. ಊಟಕ್ಕೆ ಏಳಿಸಲು ಬಂದರು, ಹಸಿವಿಲ್ಲವೆಂದು ಕೈಯಾಡಿಸಿದೆ.

ನಾಲ್ಕಕ್ಕೆ ಗಂಟೆ ಬಾರಿಸಿತು. ಮಗಳು ರಿಸೀವರ್ ಮಲಗಿಸಿದಳು. ದೀಪ ಹತ್ತಿತು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ಒಂದೊಂದೇ ಅಕ್ಷರ: ‘ಜೋಡಿ, ಇದ್ದೀಯಾ?’ ಒಂದೂ ತಪ್ಪಿಲ್ಲ.

ಜೋಡಿ ಮೇಡಂ ಚಪ್ಪಾಳೆ ತಟ್ಟಿಬಿಟ್ಟರು. ಕುರ್ಚಿಯಲ್ಲಿ ನನ್ನನ್ನೇ ಒತ್ತಿ ಕೂರಿಸಿದರು. “ಮೊದಲು ನೀವೇ ಹೊಡೀರಿ. ಕಷ್ಟಪಟ್ಟೋರು ನೀವು!”

ಬೆರಳು ಓಡಲಿಲ್ಲ. ಒಂದೊಂದೇ ಕೀ ಹುಡುಕಿ ಒತ್ತಿದೆ. ‘ಅತ್ತೆ, ನಾನು. ಇವರ ಮೋಡೆಮ್ ಕೆಟ್ಟಿರಲಿಲ್ಲ. ನಿಮ್ಮದೂ ಕೆಟ್ಟಿರಲಿಲ್ಲ. ಕೆಟ್ಟದ್ದು ನಾನು ಹಾಕಿದ ಜಾಯಿಂಟ್. ಮುಚ್ಚಿಡಲು ಇವರ ಮೇಲೆ ಹಾಕಿದೆ.’ ಹಿಂದೆ ನಿಂತು ಜೋಡಿ ಮೇಡಂ ಓದುತ್ತಿದ್ದರು. ನನ್ನ ಭುಜದ ಮೇಲಿದ್ದ ಅವರ ಕೈ ಸರಿಯಿತು.

ಲೈನ್ ಕಟ್ ಆಯಿತೇನೋ ಎಂದು ದೀಪ ನೋಡಿದೆ. ಉರಿಯುತ್ತಿತ್ತು. ಕೊನೆಗೆ ಬಂತು: ‘ಅಕ್ಷರ ಸ್ಪಷ್ಟವಾಗಿ ಬರ್ತಿದೆ. ಅವಳಿಗೆ ಜಾಗ ಬಿಡಿ.’

ಎದ್ದೆ. ಜೋಡಿ ಮೇಡಂ ನನ್ನ ಮುಖ ನೋಡದೆ ಕೂತರು.

ಹೊರಗೆ ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಒಳಗೆ ಕೀಗಳ ಸದ್ದು ಎಡೆಬಿಡದೆ ಓಡುತ್ತಿದೆ. ಆ ಕೈ ನಡುಗುವ ಕೈ ಅಂತ ಯಾರೂ ಹೇಳಲಾರರು. ಈ ಮೂರು ವಾರ ಅವರಿಂದ ಕಿತ್ತುಕೊಂಡದ್ದು ನಾನು. ಇವತ್ತಿನ ಒಂದು ಸಂಜೆಯಲ್ಲಿ ಅದೆಲ್ಲ ಹಿಡಿಸೀತೇ?

ಈಗ ಜೋಡಿ ಮೇಡಂ ಜೋರಾಗಿ ನಕ್ಕರು. ನನ್ನ ವಿಷಯಕ್ಕೇ ಇರಬೇಕು. ಇರಲಿ. ನಗಲಿ.

ಮಗಳು ಬಾಗಿಲಿಗೆ ಬಂದಿದ್ದಾಳೆ. “ನಿಮ್ಮ ಅತ್ತೆ ನಿಮಗೆ ಅಂತ ಏನೋ ಬರೆದಿದ್ದಾರೆ. ಅಮ್ಮ ಅಳಿಸದೆ ಹಾಗೇ ಇಟ್ಕೊಂಡು ಕಾಯ್ತಿದ್ದಾರೆ, ಬನ್ನಿ.”

ನಾನಿನ್ನೂ ಬರೆಯುತ್ತಲೇ ಇದ್ದೇನೆ. ಅವಳು ಇಲ್ಲೇ ನಿಂತಿದ್ದಾಳೆ. ಹೋಗಲೇಬೇಕು—