ಸಾಕು ಎಂದದ್ದು

ಪೆರಿಯನಾಯಕನಪಾಳ್ಯಂ,
ಸೋಮವಾರ

ಮಾಧವಿ ಅಕ್ಕನಿಗೆ ನಮಸ್ಕಾರ.

ನಮ್ಮ ಮನೆಯಲ್ಲಿ ಕನ್ನಡ ಓದಲು ಬರುವವಳು ನಾನೊಬ್ಬಳೇ. ಫೋನಿನಲ್ಲಿ ಹೇಳಿದರೆ ಎಲ್ಲರ ಕಿವಿಗೂ ಬೀಳುತ್ತದೆ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಮುಟ್ಟು ನಿಂತು ಆರು ವರ್ಷದ ಮೇಲೆ ಮತ್ತೆ ರಕ್ತ ಕಂಡಿತೆಂದು ಹೋದ ವಾರ ಗರ್ಭಕೋಶದ ಬಯಾಪ್ಸಿ ಮಾಡಿದರು. ಇರುವೆ ಕಚ್ಚಿದ ಹಾಗಿರುತ್ತದೆ ಅಷ್ಟೇ ಎಂದರು ಡಾಕ್ಟರಮ್ಮ. ಮರಗಟ್ಟಿಸುವ ಇಂಜೆಕ್ಷನ್ ಕೊಡಲಿಲ್ಲ.

ಎಂಥ ಇರುವೆ ಅಕ್ಕ! ಕರುಳನ್ನೇ ಕಿತ್ತ ಹಾಗಾಯಿತು. ಮಿಲ್ಲಿನಲ್ಲಿ ಮೂವತ್ತು ವರ್ಷ ತಮಿಳಿನಲ್ಲೇ ಜಗಳವಾಡಿದವಳಿಗೆ ಆಗ "ಪೋದುಂ" ಎಂಬ ಒಂದು ಮಾತು ಬಾಯಿಗೆ ಬರಲಿಲ್ಲ. ಮನೆಯ ಮಾತಿನಲ್ಲೇ "ಸಾಕು, ಸಾಕು" ಎಂದು ಕಿರುಚಿದೆ. ನರ್ಸಿಗೆ ಅದು ತಮಿಳಿನ "ಸಾಗ", ಸಾಯುವ ಮಾತಾಗಿ ಕೇಳಿಸಿತು. "ಸಾಗಮಾಟ್ಟೀಂಗಮ್ಮಾ," ಸಾಯೋದಿಲ್ಲ ಬಿಡಿ ಎಂದು ನಗುತ್ತಲೇ ನನ್ನ ತೊಡೆ ಅದುಮಿ ಹಿಡಿದಳು. ಯಾರೂ ಕೈ ನಿಲ್ಲಿಸಲಿಲ್ಲ.

ಇವತ್ತು ಆಸ್ಪತ್ರೆಯಿಂದ ಫೋನ್ ಬಂದಿತ್ತು. ತೆಗೆದ ಚೂರು ಸಾಲದಂತೆ. ಮುಂದಿನ ವಾರ ಗುರುವಾರ ಮತ್ತೆ ತೆಗೆಯುತ್ತಾರಂತೆ.

ಪೊಳ್ಳಾಚಿಯಿಂದ ಬೆಳಗಿನ ಮೊದಲ ಬಸ್ಸಿಗೇ ಬಾ. ಇಂಜೆಕ್ಷನ್ ಬೇಕೆಂದು ಮೊದಲೇ ಕೇಳು. ಹೊರಗೆ ಕೂರಿ ಎಂದರೆ ಕೂರಬೇಡ, ನನ್ನ ತಲೆಯ ಹತ್ತಿರ ನಿಲ್ಲು. ನಾನು ಸಾಕು ಎಂದಾಗ ನೀನು ಅವರಿಗೆ ತಮಿಳಿನಲ್ಲಿ ಹೇಳು.

ನಿನ್ನ ತಂಗಿ,
ವಾರಿಜಾಕ್ಷಿ